ಲಾಗ್ ಕೇಕ್ ಯಾಕೆ ಬಿರುಕು ಬಿಡುತ್ತೆ?

ಪ್ರಶ್ನೆ: ಕ್ರಿಸ್ಮಸ್‌ಗೆ ಮನೇಲೇ ಲಾಗ್ ಕೇಕ್ (ಮರದ ದಿಮ್ಮಿ ಥರ ಸುತ್ತೋ ಕೇಕ್) ಮಾಡೋಣ ಅಂತ ಎರಡು ಸಲ ಟ್ರೈ ಮಾಡ್ದೆ, ಸುತ್ತೋವಾಗ ಎರಡೂ ಸಲ ಬಿರುಕು ಬಿಡ್ತು. ಏನ್ ತಪ್ಪಾಗ್ತಿದೆ ಮೇಡಂ?

ಉತ್ತರ: ಒಂದೋ ಜಾಸ್ತಿ ಹೊತ್ತು ಬೇಯಿಸ್ತಿದೀರ, ಇಲ್ಲಾಂದ್ರೆ ಪೂರ್ತಿ ತಣ್ಣಗಾದ್ಮೇಲೆ ಸುತ್ತೋಕೆ ಹೋಗ್ತಿದೀರ. 4 ಮೊಟ್ಟೆ, 100 ಗ್ರಾಂ ಸಕ್ಕರೆ ಬೀಟ್ ಮಾಡ್ತಾ ಹೋಗಿ, ಬೀಟರ್ ಎತ್ತಿದ್ರೆ ರಿಬ್ಬನ್ ಥರ ಬಿದ್ದು ಒಂದೆರಡು ಕ್ಷಣ ಮೇಲೇ ನಿಲ್ಬೇಕು, ಆಮೇಲೆ 75 ಗ್ರಾಂ ಮೈದಾ, 25 ಗ್ರಾಂ ಕೋಕೋ ಜರಡಿ ಹಿಡಿದು ಹಗುರವಾಗಿ ಬೆರೆಸಿ. ಬಟರ್ ಪೇಪರ್ ಹಾಕಿದ ಅಗಲ ಟ್ರೇನಲ್ಲಿ ತೆಳ್ಳಗೆ ಹರಡಿದ್ರೆ 200 ಡಿಗ್ರಿಲಿ 10 ನಿಮಿಷ ಸಾಕು. ಬಿಸಿ ಇರೋವಾಗ್ಲೇ ಐಸಿಂಗ್ ಶುಗರ್ ಉದುರಿಸಿದ ಬಟ್ಟೆ ಮೇಲೆ ಕವುಚಿ, ಪೇಪರ್ ಕಿತ್ತು, ಬಟ್ಟೆ ಸಮೇತ ಸುತ್ತಿಡಿ, ಇದೇ ಮುಖ್ಯ ನೋಡಿ, ಕೇಕು ಆ ಶೇಪಲ್ಲೇ ಆರ್ಬೇಕು. ಆರಿದ್ಮೇಲೆ ಬಿಚ್ಚಿ, ಕ್ರೀಮ್ ಸವರಿ ಮತ್ತೆ ಸುತ್ತಿ. ತುದಿ ಓರೆಯಾಗಿ ಕತ್ತರಿಸಿ ಪಕ್ಕಕ್ಕೆ ಅಂಟಿಸಿದ್ರೆ ಅದೇ ಕೊಂಬೆ, ಚಾಕ್ಲೇಟ್ ಗನಾಶ್ (ಬಿಸಿ ಕ್ರೀಮಲ್ಲಿ ಕರಗಿಸಿದ ಚಾಕ್ಲೇಟ್) ಬಳಿದು ಫೋರ್ಕಲ್ಲಿ ಗೀರಿದ್ರೆ ತೊಗಟೆ. ಹಿಂದೆ ಫ್ರಾನ್ಸಲ್ಲಿ ಕ್ರಿಸ್ಮಸ್ ಹಿಂದಿನ ರಾತ್ರಿ ಒಲೆಗೆ ದೊಡ್ಡ ದಿಮ್ಮಿ ಹಾಕೋ ಪದ್ಧತಿ ಇತ್ತು, ಈ ಕೇಕಿನ ರೂಪ ಆ ದಿಮ್ಮೀದು, ಹಾಗಾಗಿ ಗೀರು ಅಂಕುಡೊಂಕಾಗಿದ್ರೇನೇ ಚೆಂದ. ಸಣ್ಣಪುಟ್ಟ ಬಿರುಕು ಗನಾಶ್ ಕೆಳಗೆ ಮುಚ್ಚೋಗುತ್ತೆ.