ಜೆಕಿಲ್-ಹೈಡ್ ಪ್ರಬಂಧ 'ತೀರಾ ಮೇಲುಮೇಲಿನದು' ಅಂತ ವಾಪಸ್ ಬಂದಿದ್ದರೆ

ತೊಂದರೆ ಬಹುಶಃ ನಿಮ್ಮ ಮೊದಲ ಸಾಲಿನಲ್ಲೇ ಇದೆ: 'ಜೆಕಿಲ್ ಒಳ್ಳೆಯವನು, ಹೈಡ್ ಕೆಟ್ಟವನು.' ಈ ಕಾದಂಬರಿ ಬರೆದ ರಾಬರ್ಟ್ ಲೂಯಿಸ್ ಸ್ಟೀವನ್‌ಸನ್ ಹಾಗೆ ಹೇಳುವುದೇ ಇಲ್ಲ. ಕಥೆ ಇಷ್ಟೇ: ಡಾಕ್ಟರ್ ಜೆಕಿಲ್ ತಾನೇ ತಯಾರಿಸಿದ ಔಷಧಿ ಕುಡಿದು ಹೈಡ್ ಆಗಿ ಬದಲಾಗುತ್ತಾನೆ.

ಮೊದಲು ಕೊನೆಯ ಅಧ್ಯಾಯ, ಅಂದರೆ ಜೆಕಿಲ್ ಬರೆದಿಟ್ಟ ಹೇಳಿಕೆ, ಮತ್ತೆ ಓದಿ. ಹೈಡ್ ಪೂರ್ತಿ ಕೆಟ್ಟವನು, ನಿಜ. ಆದರೆ ಜೆಕಿಲ್ ಮಾತ್ರ ಅದೇ ಹಳೆಯ, ಒಳಿತು ಕೆಡುಕು ಎರಡೂ ಬೆರೆತ ಮನುಷ್ಯನಾಗಿಯೇ ಉಳಿಯುತ್ತಾನೆ, ಇದನ್ನು ಅವನೇ ಒಪ್ಪಿಕೊಳ್ಳುತ್ತಾನೆ. ಔಷಧಿಯಿಂದ ಶುದ್ಧ ಒಳ್ಳೆಯವನು ಹುಟ್ಟಲೇ ಇಲ್ಲ, ಅಲ್ವಾ? ನಿಮ್ಮ ವಾದ ಇಲ್ಲಿಂದ ಶುರುವಾಗಲಿ.

ಆಮೇಲೆ ಜೆಕಿಲ್‌ನ ಮನೆಗೆ ಬನ್ನಿ. ನನಗೆ ಕಾದಂಬರಿಯಲ್ಲಿ ಜಾಸ್ತಿ ಇಷ್ಟವಾಗುವುದು ಇದೇ. ಮುಂಬಾಗಿಲಲ್ಲಿ ಸಿರಿತನ ಎದ್ದು ಕಾಣುತ್ತದೆ. ಹೈಡ್ ಬಳಸುವ ಹಿಂಬಾಗಿಲಿಗೆ ಗಂಟೆಯೂ ಇಲ್ಲ, ಬಣ್ಣ ಗುಳ್ಳೆ ಎದ್ದಿದೆ. ಎರಡೂ ಒಂದೇ ಮನೆಯ ಬಾಗಿಲುಗಳು. ಇಷ್ಟು ಬರೆದರೆ ಅರ್ಧ ಪ್ರಬಂಧ ಮುಗಿದಂತೆ.

ನಂತರ ಕಾಲದ ಮಾತು, ಒಂದೇ ಪ್ಯಾರಾ ಸಾಕು. ಕಾದಂಬರಿ ಪ್ರಕಟವಾದ 1886ರ ಇಂಗ್ಲೆಂಡಿನಲ್ಲಿ ಮರ್ಯಾದಸ್ಥನಿಗೆ ಹೆಸರೇ ಬಂಡವಾಳ. ಜೆಕಿಲ್ ತನ್ನ ಆಸೆಗಳನ್ನು ಮುಚ್ಚಿಟ್ಟದ್ದು ತಲೆ ಎತ್ತಿ ಓಡಾಡುವ ಹಂಬಲಕ್ಕೆ. ಆ ಆಸೆಗಳು ಏನು ಅಂತ ಕಾದಂಬರಿ ಬಿಡಿಸಿ ಹೇಳುವುದಿಲ್ಲ. ವಿಮರ್ಶಕರ ಊಹೆಗಳು ಹಲವು. ಯಾವುದನ್ನಾದರೂ ಬಳಸಿದರೆ ಊಹೆ ಅಂತಲೇ ಬರೆಯಿರಿ.

ಹೋಲಿಕೆ ಕೇಳಿದ್ದರೆ ಮಾತ್ರ ಆಸ್ಕರ್ ವೈಲ್ಡ್ ಕಾದಂಬರಿಯ ನಾಯಕ ಡೋರಿಯನ್ ಗ್ರೇಯನ್ನು ತನ್ನಿ: ಅಲ್ಲಿ ಮುಖ ಚೆಂದವೇ ಉಳಿಯುತ್ತದೆ, ಕೊಳಕೆಲ್ಲ ಚಿತ್ರಪಟಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಸುಮ್ನೆ ತುರುಕಬೇಡಿ. ಮೊದಲ ಸಾಲನ್ನು ಎಲ್ಲಾ ಮುಗಿದ ಮೇಲೆ ಹೊಸದಾಗಿ ಬರೆಯಿರಿ.