ಫಾರ್ಮ್.ಸಬ್ಮಿಟ್() ಕರೆದರೆ ‘ಸಬ್ಮಿಟ್ ಈಸ್ ನಾಟ್ ಎ ಫಂಕ್ಷನ್’ ಬರುತ್ತಿದೆ: ಪ್ರತಿಕ್ರಿಯೆ

ಡ್ರಾಪ್‌ಡೌನ್ ಬದಲಾದಾಗ ಜಾವಾಸ್ಕ್ರಿಪ್ಟ್‌ನಿಂದ ಫಾರ್ಮ್ ಕಳಿಸಲು ಹೋದರೆ ಈ ಎರರ್ ಬರುತ್ತಿದೆ ಅಂದಿದ್ದೀರಿ. ಫಾರ್ಮ್ ಒಳಗಿನ ಬಟನ್ನಿನ ಹೆಸರೇ ಕಾರಣ ಇರಬೇಕು. ನೀವು ಸ್ಕ್ರಿಪ್ಟ್ ಮಾತ್ರ ಹಾಕಿದ್ದೀರಿ, ಎಚ್‌ಟಿಎಂಎಲ್ ಇಲ್ಲ, ಹಾಗಾಗಿ ಇದು ಊಹೆ. ಆದರೂ ಈ ಎರರ್ ಬಂದರೆ ನಾನು ಮೊದಲು ನೋಡುವುದು ಅದನ್ನೇ. ಫಾರ್ಮ್ ಒಳಗಿನ ಬಟನ್ನಿಗೋ ಇನ್‌ಪುಟ್‌ಗೋ ನೇಮ್ ಅಥವಾ ಐಡಿ ‘ಸಬ್ಮಿಟ್’ ಅಂತಿದ್ದರೆ, ಫಾರ್ಮ್.ಸಬ್ಮಿಟ್ ಅಂದಾಗ ಬ್ರೌಸರ್ ಆ ಬಟನ್ನನ್ನೇ ಕೈಗಿಡುತ್ತದೆ. ಫಾರ್ಮ್ ಕಳಿಸುವ ನಿಜವಾದ ಮೆಥಡ್ (ಫಂಕ್ಷನ್) ಅದರ ಹಿಂದೆ ಮರೆಯಾಗುತ್ತದೆ.

ಬ್ರೌಸರಿನ ಡೆವಲಪರ್ ಟೂಲ್ಸ್‌ನಲ್ಲಿರುವ ಕನ್ಸೋಲ್‌ನಲ್ಲಿ ಫಾರ್ಮ್.ಸಬ್ಮಿಟ್ ಅಂತ ಆವರಣ ಹಾಕದೆ ಟೈಪ್ ಮಾಡಿ. ಫಂಕ್ಷನ್ ಬದಲು ಬಟನ್ ಕಂಡರೆ ಇದೇ ತೊಂದರೆ. ಆಗ ಅದರ ನೇಮ್, ಐಡಿ ಎರಡನ್ನೂ ‘ಸೇವ್‌ಬಟನ್’ ಥರ ಏನಾದರೂ ಮಾಡಿ. ಬಟನ್ನಿನ ‘ಟೈಪ್’ ಗುಣ ಸಬ್ಮಿಟ್ ಆಗಿಯೇ ಇರಲಿ, ಅದರ ತಂಟೆ ಏನಿಲ್ಲ.

ಸರ್ವರ್ ಆ ಹೆಸರನ್ನೇ ಕೇಳುತ್ತದೆ, ಬದಲಿಸುವ ಹಾಗಿಲ್ಲ ಅಂದರೆ ಫಾರ್ಮ್.ರಿಕ್ವೆಸ್ಟ್‌ಸಬ್ಮಿಟ್(ಬಟನ್) ಬಳಸಿ, ನಡುವಿನ ಎಸ್ ದೊಡ್ಡಕ್ಷರ. ಬಟನ್ನಿನ ಹೆಸರು, ಮೌಲ್ಯವೂ ಜೊತೆಗೆ ಹೋಗುತ್ತವೆ. ನನ್ನ ಕೇಳಿದರೆ ಹೆಸರು ಬದಲಿಸಿದ ಮೇಲೂ ಇದೇ ವಾಸಿ: ಬರೀ ಸಬ್ಮಿಟ್() ರಿಕ್ವೈರ್ಡ್ (ತುಂಬಲೇಬೇಕಾದ) ಖಾನೆ ಖಾಲಿ ಇದ್ದರೂ ಕಳಿಸಿಬಿಡುತ್ತದೆ, ಫಾರ್ಮ್ ಕಳಿಸುವಾಗ ಓಡಲೆಂದು ನೀವು ಬರೆದ ಆನ್‌ಸಬ್ಮಿಟ್ ಕೋಡ್ ಕೂಡ ಓಡುವುದಿಲ್ಲ.

‘ಆಕ್ಷನ್’, ‘ರಿಸೆಟ್’ ಅನ್ನೋ ಹೆಸರುಗಳೂ ಹೀಗೇ ಕೈಕೊಡುತ್ತವೆ, ಇದ್ದರೆ ಅವನ್ನೂ ಬದಲಿಸಿ.