ಓದಲಷ್ಟೇ ಇರುವ ಗ್ರಾಫ್ ಡೇಟಾಬೇಸ್: ಅಳಿಸಿದರೂ ಜಾಗ ಯಾಕೆ ಉಳಿಯುವುದಿಲ್ಲ?

ಪ್ರಶ್ನೆ: ನಿಯೋ4ಜೆ 5 ಎಂಬ ಗ್ರಾಫ್ ಡೇಟಾಬೇಸ್‌ನಲ್ಲಿ ಡೇಟಾ ಒಮ್ಮೆ ತುಂಬಿಯಾಗಿದೆ, ಇನ್ನು ಬರೀ ಓದುವುದಕ್ಕೆ. ಅರ್ಧಕ್ಕರ್ಧ ನೋಡ್ (ಒಂದೊಂದು ವಸ್ತುವಿನ ದಾಖಲೆ) ಅಳಿಸಿದರೂ ಡಿಸ್ಕ್ ಖಾಲಿಯಾಗಲಿಲ್ಲ, ಬಳಕೆ ಇನ್ನೂ ಏರಿದೆ. ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್‌ನ ಕಂಪ್ರೆಷನ್ (ಡೇಟಾವನ್ನು ಒತ್ತಿ ಚಿಕ್ಕದಾಗಿಸುವುದು) ಹಾಕಿದರೆ ಸಾಕೇ?

ಉತ್ತರ: ಕಂಪ್ರೆಷನ್ ಕೊನೆಯ ಕೆಲಸ. ರೆಕಾರ್ಡ್ ಮಾದರಿಯ ಸ್ಟೋರ್‌ನಲ್ಲಿ ನೋಡ್‌ಗೆ 15 ಬೈಟ್, ರಿಲೇಷನ್‌ಶಿಪ್‌ಗೆ (ನೋಡ್‌ಗಳ ನಡುವಿನ ಕೊಂಡಿ) 34, ಪ್ರಾಪರ್ಟಿ (ಹೆಸರು, ಊರಿನಂಥ ವಿವರ) ರೆಕಾರ್ಡ್‌ಗೆ 41 ಬೈಟ್ ಗೊತ್ತುಪಡಿಸಿದ ಜಾಗ. ಅಳಿಸಿದಾಗ ಆ ಜಾಗ ಖಾಲಿ ಎಂದು ಗುರುತಾಗುತ್ತದೆಯೇ ಹೊರತು ಫೈಲ್ ಕುಗ್ಗುವುದಿಲ್ಲ. ಹೊಸ ದಾಖಲೆ ಬಾರದ ನಿಮ್ಮಲ್ಲಿ ಅದು ತುಂಬುವುದೂ ಇಲ್ಲ. ಬಳಕೆ ಏರಿದ್ದು, ಅಳಿಸಿದ್ದೂ ಟ್ರಾನ್ಸಾಕ್ಷನ್ ಲಾಗ್‌ಗೆ (ಪ್ರತಿ ಬದಲಾವಣೆಯನ್ನೂ ಬರೆದಿಡುವ ಫೈಲ್) ಹೋಗುವುದರಿಂದ. ಆ ಲಾಗ್ ಫೈಲ್‌ಗಳನ್ನು ಕೈಯಾರೆ ಅಳಿಸಬೇಡಿ, ಡೇಟಾಬೇಸ್ ಏಳದೇ ಹೋಗಬಹುದು.

ಸರಿಯಾದ ದಾರಿ ಹೊಸದಾಗಿ ಕಟ್ಟುವುದು. ಎಂಟರ್‌ಪ್ರೈಸ್ ಆವೃತ್ತಿಯಾದರೆ ಡೇಟಾಬೇಸ್ ನಿಲ್ಲಿಸಿ 'ನಿಯೋ4ಜೆ-ಅಡ್ಮಿನ್ ಡೇಟಾಬೇಸ್ ಕಾಪಿ' ಓಡಿಸಿ; ಬೇಡದ ಪ್ರಾಪರ್ಟಿಗಳನ್ನು ಅಲ್ಲೇ ಬಿಡಬಹುದು. ಇಲ್ಲೊಂದು ಮರೆವಿನ ಜಾಗವಿದೆ: ನೋಡ್ ಸ್ಟೋರ್ ತಾನಾಗಿ ಕುಗ್ಗುವುದಿಲ್ಲ, 'ಕಾಂಪ್ಯಾಕ್ಟ್-ನೋಡ್-ಸ್ಟೋರ್' ಆಯ್ಕೆ ಕೊಡಬೇಕು. ಕೊಟ್ಟರೆ ನೋಡ್‌ಗಳ ಆಂತರಿಕ ಐಡಿ ಬದಲಾಗುತ್ತದೆ. ಆ ಐಡಿಯನ್ನು ಹೊರಗೆಲ್ಲೋ ಇಟ್ಟುಕೊಂಡಿದ್ದರೆ ಮೊದಲು ಆ ಅವಲಂಬನೆ ಬಿಡಿಸಿಕೊಳ್ಳಿ. ಕಮ್ಯೂನಿಟಿ ಆವೃತ್ತಿಯಲ್ಲಿ ಡೇಟಾವನ್ನು ಸಿಎಸ್‌ವಿಗೆ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ ಫೈಲ್) ತೆಗೆದು 'ಇಂಪೋರ್ಟ್ ಫುಲ್' ಮಾಡಿ. ಡಂಪ್ (ಇಡೀ ಡೇಟಾಬೇಸ್‌ನ ಒಂದು ಫೈಲ್ ಪ್ರತಿ) ತೆಗೆದು ಲೋಡ್ ಮಾಡಿದರೆ ಉಪಯೋಗವಿಲ್ಲ. ಡಂಪ್ ಫೈಲ್ ಚಿಕ್ಕದಾದರೂ ಬಿಚ್ಚಿದಾಗ ಹಳೆಯ ಖಾಲಿ ಜಾಗಗಳೆಲ್ಲ ಹಾಗೇ ಬರುತ್ತವೆ. ಹಳೆಯದೂ ಹೊಸದೂ ಒಟ್ಟಿಗೆ ಹಿಡಿಸುವಷ್ಟು ಡಿಸ್ಕ್ ಆ ಹೊತ್ತಿಗೆ ಬೇಕು. ಹೊಸದನ್ನು ಪರೀಕ್ಷಿಸಿದ ಮೇಲಷ್ಟೇ ಹಳೆಯದನ್ನು ತೆಗೆಯಿರಿ; ಅದರ ಲಾಗ್ ಹೊಸದಕ್ಕೆ ಬರುವುದಿಲ್ಲ.

ಹೇಗೂ ಕಟ್ಟುತ್ತಿದ್ದೀರಿ, ಪಠ್ಯವನ್ನೂ ನೋಡಿ. ಪ್ರಾಪರ್ಟಿ ರೆಕಾರ್ಡ್‌ನೊಳಗೆ ಮೌಲ್ಯಕ್ಕೆ ಸಿಗುವುದು 32 ಬೈಟ್. ಕನ್ನಡದ ಒಂದೊಂದು ಚಿಹ್ನೆಗೂ ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ 3 ಬೈಟ್. 'ದೊಡ್ಡಬಳ್ಳಾಪುರ' 39 ಬೈಟ್ ಆಗಿ ಹೊರಗಿನ ಸ್ಟ್ರಿಂಗ್ ಸ್ಟೋರ್‌ಗೆ ಹೋಗುತ್ತದೆ, ಅಲ್ಲಿ 128 ಬೈಟ್‌ನ ಇಡೀ ಬ್ಲಾಕ್ ಹಿಡಿಯುತ್ತದೆ. ಹತ್ತು ಲಕ್ಷ ನೋಡ್‌ಗಳಲ್ಲಿ ಅದೇ ಹೆಸರಿದ್ದರೆ ಹತ್ತು ಲಕ್ಷ ಬ್ಲಾಕ್. ಊರಿಗೆ ಚಿಕ್ಕ ಸಂಖ್ಯೆಯ ಕೋಡ್ ಕೊಟ್ಟು, ಹೆಸರನ್ನು ಒಂದೇ ಕಡೆ ಇಡಿ. ಎಲ್ಲವನ್ನೂ ಒಂದೇ ಊರಿನ ನೋಡ್‌ಗೆ ಜೋಡಿಸಲು ಹೋದರೆ ಪ್ರತಿ ಕೊಂಡಿಗೂ 34 ಬೈಟ್ ತೆರಬೇಕು.

ಇಂಡೆಕ್ಸ್‌ಗಳಲ್ಲಿ (ಬೇಗ ಹುಡುಕಲು ಇಡುವ ಸೂಚಿ) ಬಳಕೆಯಾಗದವನ್ನು ಬಿಡಿ. 'ಶೋ ಇಂಡೆಕ್ಸಸ್'ನಲ್ಲಿ ಓದಿದ ಎಣಿಕೆ ಸಿಗುತ್ತದೆ.

ಆಮೇಲೆ ಝಡ್‌ಎಫ್‌ಎಸ್. ನಿಯೋ4ಜೆ ಒಮ್ಮೆಗೆ ಓದುವ ತುಣುಕು, ಅಂದರೆ ಪುಟ, 8 ಕೆಬಿ ಎಂದು ರೆಕಾರ್ಡ್‌ಸೈಝ್ (ಝಡ್‌ಎಫ್‌ಎಸ್‌ನ ತುಣುಕಿನ ಗರಿಷ್ಠ ಅಳತೆ) ಕೂಡ 8ಕೆ ಇಟ್ಟರೆ, 4 ಕೆಬಿ ಸೆಕ್ಟರ್‌ನ ಡಿಸ್ಕ್‌ನಲ್ಲಿ ಒಂದೋ ಅರ್ಧಕ್ಕಿಳಿಯಬೇಕು, ಇಲ್ಲವೇ ಜಾಗವೇನೂ ಉಳಿತಾಯವಾಗದು. 128ಕೆ ಇಟ್ಟರೆ ಒಂದು ಪುಟಕ್ಕೆ ಇಡೀ 128 ಕೆಬಿ ಬಿಚ್ಚಬೇಕು. 32ಕೆ ಮತ್ತು ಎಲ್‌ಝಡ್4 ಎಂಬ ಕಂಪ್ರೆಷನ್ ವಿಧಾನದಿಂದ ಆರಂಭಿಸಿ. ಈ ಬದಲಾವಣೆ ಹೊಸದಾಗಿ ಬರೆದ ಫೈಲ್‌ಗಳಿಗಷ್ಟೇ ತಾಗುತ್ತದೆ, ಹಾಗಾಗಿ ಡೇಟಾಬೇಸ್ ಕಟ್ಟುವ ಮೊದಲೇ ಹಾಕಿಡಿ.